ಉಪ್ಪಿನ ಋಣ, ನೀರಿನ ಋಣ

ನಮ್ಮ ಕಡೆ ನೀರಿನಲ್ಲಿ ಎರಡೇ ಜಾತಿ: ಸಿಹಿನೀರು, ಉಪ್ಪುನೀರು. ಸಿಹಿನೀರಿನಲ್ಲಿ ಸಕ್ಕರೆ ಇರುವುದಿಲ್ಲ. ಉಪ್ಪುನೀರು ಸಮುದ್ರದ ನೀರಿನಷ್ಟು ಉಪ್ಪಾಗಿಯೂ ಇರುವುದಿಲ್ಲ. ಆದರೂ ಹೆಣ್ಣು ಕೊಡಲು ಬಂದವರು ಹುಡುಗನ ತೋಟ, ಕೆಲಸ, ಮನೆತನ ಎಲ್ಲವನ್ನೂ ವಿಚಾರಿಸಿ, ಎಲೆ ಅಡಿಕೆ ಹಾಕಿಕೊಂಡು ಹೊರಡುವ ಹೊತ್ತಿನಲ್ಲಿ ಹಿತ್ತಲ ಕಡೆ ಒಮ್ಮೆ ನೋಡಿ, “ನೀರು ಹೆಂಗೆ?” ಎಂದು ಕೇಳದೆ ಹೋಗುವುದಿಲ್ಲ. “ಸಿಹಿನೀರೇ” ಎಂಬ ಉತ್ತರ ಬಂದರೆ ಹೆಂಗಸರ ಮುಖ ಸಡಿಲವಾಗುತ್ತದೆ. ಬೇಳೆ ಬೇಯುತ್ತದೆ, ಸೋಪು ನೊರೆ ಬರುತ್ತದೆ, ಹಂಡೆ ಉಜ್ಜುವ ಕೆಲಸ ಕಡಿಮೆ ಎಂದು ಅವರು ಅಷ್ಟರಲ್ಲೇ ಲೆಕ್ಕ ಹಾಕಿಬಿಟ್ಟಿರುತ್ತಾರೆ.

ನಾನು ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಸೇರಿದ್ದು ಕುಣಿಗಲ್ ಕಡೆಯ ಮನೆಗೆ. ಅನ್ನ ದುಡಿಯುವುದು ತುಮಕೂರಿನಲ್ಲಿ, ಹತ್ತನೇ ತರಗತಿಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಾ. ಏಳು ಕೆರೆಯ ನೀರು ಕುಡಿದವಳೆಂದು ಹೇಳಿಕೊಳ್ಳಲಾರೆ. ಮೂರು ಊರಿನ ನೀರನ್ನಂತೂ ಕುಡಿದಿದ್ದೇನೆ. ತೌರಿನಲ್ಲಿ ಮೊದಲು ಬಾವಿಯ ನೀರು, ಬಾವಿ ಬತ್ತಿದ ಮೇಲೆ ಬೋರ್‌ವೆಲ್. ಕುಣಿಗಲ್‌ನಲ್ಲಿ ತೋಟದ ಬೋರ್. ತುಮಕೂರಿನ ಬಾಡಿಗೆ ಮನೆಯಲ್ಲಿ ಎರಡು ನಲ್ಲಿ: ಒಂದರಲ್ಲಿ ಬೋರ್ ನೀರು, ಇನ್ನೊಂದರಲ್ಲಿ ಬಿಟ್ಟ ದಿನ ಮಾತ್ರ ಬರುವ ಹೇಮಾವತಿ. ಹಾಸನ ಜಿಲ್ಲೆಯ ಗೊರೂರಿನ ಅಣೆಕಟ್ಟೆಯಿಂದ ನಾಲೆ ಹಿಡಿದು, ಗುಬ್ಬಿಯ ಸೀಮೆಯನ್ನು ಹಾದು, ಬುಗುಡನಹಳ್ಳಿ ಕೆರೆಯಲ್ಲಿ ನಿಂತು ದಣಿವಾರಿಸಿಕೊಂಡು ಬರುವ ನೀರು ಅದು. ಕಣ್ಣಿಗೆ ಎರಡೂ ಒಂದೇ. ಕೈಗೆ ಸೋಪು ಹಚ್ಚಿದರೆ ಯಾವುದು ಯಾವುದೆಂದು ಕಣ್ಣು ಮುಚ್ಚಿಕೊಂಡು ಹೇಳಬಹುದು.

ಎರಡರ ನಡುವಿನ ಈ ವ್ಯತ್ಯಾಸಕ್ಕೆ ಪಠ್ಯಪುಸ್ತಕದಲ್ಲಿ ಒಂದು ಹೆಸರಿದೆ: ಅಯಾನು. ಇಲೆಕ್ಟ್ರಾನನ್ನು ಕೊಟ್ಟೋ, ಪಡೆದೋ ಆವೇಶ ಹೊತ್ತುಕೊಂಡ ಪರಮಾಣು. ‘ಲೋಹಗಳು ಮತ್ತು ಅಲೋಹಗಳು’ ಎಂಬ ಪಾಠದಲ್ಲಿ ಅದು ಬರುತ್ತದೆ. ಸೋಡಿಯಂಗೆ ಒಟ್ಟು 11 ಇಲೆಕ್ಟ್ರಾನು. ಮೊದಲ ಕವಚದಲ್ಲಿ 2, ಎರಡನೆಯದರಲ್ಲಿ 8, ಹೊರಗಿನದರಲ್ಲಿ ಒಂಟಿಯಾಗಿ 1. ಕ್ಲೋರಿನ್‌ಗೆ 17, ಹೊರಗಿನ ಕವಚದಲ್ಲಿ 7, ಎಂಟಕ್ಕೆ ಒಂದು ಕಡಿಮೆ. ಹೊರಕವಚದ ಈ ಇಲೆಕ್ಟ್ರಾನುಗಳನ್ನೇ ವೇಲೆನ್ಸಿ ಇಲೆಕ್ಟ್ರಾನುಗಳು ಎನ್ನುವುದು. ಸೋಡಿಯಂ ತನ್ನ ಒಂದನ್ನು ಕೊಡುತ್ತದೆ, ಕ್ಲೋರಿನ್ ತೆಗೆದುಕೊಳ್ಳುತ್ತದೆ, ಇಬ್ಬರಿಗೂ ಎಂಟಾಗುತ್ತದೆ, ಅಡುಗೆ ಉಪ್ಪು ಹುಟ್ಟುತ್ತದೆ. ಬೋರ್ಡಿನ ಮೇಲೆ ಚುಕ್ಕಿ ಇಟ್ಟು ಬಾಣ ಎಳೆದರೆ ಐದು ನಿಮಿಷದ ಪಾಠ. ಪರೀಕ್ಷೆಯಲ್ಲಿ ಎರಡು ಮೂರು ಅಂಕ ಗ್ಯಾರಂಟಿ.

ಕೆಲವು ವರ್ಷಗಳ ಹಿಂದೆ ಆ ಬಾಣ ಎಳೆದು ಕೈಯ ಸೀಮೆಸುಣ್ಣ ಕೊಡವುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. ಪಾವಗಡ ತಾಲ್ಲೂಕಿನ ಹಳ್ಳಿಯ ಹುಡುಗಿ, ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದವಳು. ಮಾತನಾಡುವಾಗ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದುಕೊಳ್ಳುವುದು ಅವಳ ಅಭ್ಯಾಸ. “ಮಿಸ್, ಒಬ್ರು ಕೊಟ್ಟಾಯ್ತು, ಒಬ್ರು ಇಸ್ಕಂಡಾಯ್ತು. ಇಬ್ರಿಗೂ ಎಂಟಾಯ್ತು. ಆಮೇಲೆ ಯಾಕೆ ಅಂಟ್ಕಂಡಿರ್ಬೇಕು? ಅವ್ರ ಪಾಡಿಗೆ ಅವ್ರು ಹೋಗ್ಬೋದಲ್ಲ?”

ಕ್ಲಾಸು ನಕ್ಕಿತು. ನನಗೆ ಅದು ಆ ಪಾಠದ ಅತ್ಯಂತ ಒಳ್ಳೆಯ ಪ್ರಶ್ನೆ ಅನ್ನಿಸಿತು. ಪುಸ್ತಕದ ಬಾಣ ತೋರಿಸುವುದು ಕೊಡುಕೊಳ್ಳುವಿಕೆಯನ್ನು. ಬಂಧ ಎಲ್ಲಿದೆ ಎಂದು ಬಾಣ ತೋರಿಸುವುದಿಲ್ಲ.

ಹುಡುಗರಿಗೆ ಅಂಗಡಿ ಲೆಕ್ಕ ಬೇಗ ಅರ್ಥವಾಗುತ್ತದೆ ಎಂದು ಬೋರ್ಡಿನ ಮೇಲೆ ಜಮಾ-ಖರ್ಚು ಬರೆದೆ. ಅನಿಲ ರೂಪದಲ್ಲಿರುವ 23 ಗ್ರಾಂ ಸೋಡಿಯಂನ ಪರಮಾಣುಗಳಿಂದ ಒಂದೊಂದು ಇಲೆಕ್ಟ್ರಾನನ್ನು ಕಿತ್ತುಕೊಳ್ಳಲು 496 ಕಿಲೋಜೂಲ್ ಶಕ್ತಿ ಬೇಕು. ಅದು ಖರ್ಚು. ಸೋಡಿಯಂ ಧಾರಾಳಿ, ಕೇಳುವ ಮೊದಲೇ ಕೊಡುತ್ತದೆ ಎಂಬ ಮಾತು ಇಲ್ಲಿಗೇ ನಿಲ್ಲುತ್ತದೆ. ಅಷ್ಟೂ ಇಲೆಕ್ಟ್ರಾನುಗಳನ್ನು ಕ್ಲೋರಿನ್ ಪರಮಾಣುಗಳು ಪಡೆದುಕೊಂಡಾಗ ಹೊರಬರುವುದು 349 ಕಿಲೋಜೂಲ್. ಅದು ಜಮಾ. ಕಳೆದು ನೋಡಿದರೆ 147 ಕಿಲೋಜೂಲ್ ನಷ್ಟ. ಬರೀ ಕೊಟ್ಟು ಇಸಿದುಕೊಳ್ಳುವುದಷ್ಟೇ ಆಗಿದ್ದರೆ ಈ ವ್ಯಾಪಾರಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ.

ನಷ್ಟ ತುಂಬಿಬರುವುದು ಮುಂದಿನ ಹೆಜ್ಜೆಯಲ್ಲಿ. ಕೊಟ್ಟದ್ದು ಧನಾವೇಶದ ಸೋಡಿಯಂ ಅಯಾನು ಆಗಿದೆ, ಪಡೆದದ್ದು ಋಣಾವೇಶದ ಕ್ಲೋರೈಡ್ ಅಯಾನು ಆಗಿದೆ. ಇವು ಒಂದನ್ನೊಂದು ಸೆಳೆದು, ಸಾಲುಸಾಲಾಗಿ ಜೋಡಿಸಿಕೊಂಡು ಹರಳು ಕಟ್ಟಿದಾಗ ಹೊರಬರುವ ಶಕ್ತಿ 787 ಕಿಲೋಜೂಲ್. ಹಳೆಯ ಸಾಲ ತೀರಿ ಕೈತುಂಬ ಉಳಿಯುತ್ತದೆ. ಇಷ್ಟೊಂದನ್ನು ಬಿಟ್ಟುಕೊಟ್ಟು ಕೂತವರನ್ನು ಬಿಡಿಸಬೇಕಾದರೆ ಅಷ್ಟನ್ನೂ ವಾಪಸು ತುಂಬಬೇಕು. ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕಾಗುವುದು ಇದರಿಂದಲೇ. “ಅವರ ಪಾಡಿಗೆ ಅವರು ಹೋಗೋಕೆ ಆಗಲ್ಲ ಕಣೇ. ಕೊಟ್ಟಿದ್ದಕ್ಕೆ ಅಂಟಿಕೊಂಡಿಲ್ಲ, ಕೊಟ್ಟ ಮೇಲೆ ಏನಾದರೋ ಅದಕ್ಕೆ ಅಂಟಿಕೊಂಡಿದ್ದಾರೆ” ಎಂದೆ.

ಆಗ ಮುಂದಿನ ಬೆಂಚಿನ ಹುಡುಗನೊಬ್ಬ, “ಕೊಟ್ಟೋನು ಧನ, ಇಸ್ಕಂಡೋನು ಋಣ. ಸರಿಯಾಗೇ ಐತೆ ಮಿಸ್” ಎಂದ. ಅಷ್ಟು ವರ್ಷ ಆ ಎರಡು ಪದಗಳನ್ನು ಬರೆಸಿದ ನನಗೂ ಅವು ಹಾಗೆ ಕೇಳಿಸಿರಲಿಲ್ಲ. ಸೊನ್ನೆಗಿಂತ ಹೆಚ್ಚಿನದಕ್ಕೆ ಧನ, ಕಡಿಮೆಯದಕ್ಕೆ ಋಣ ಎಂದು ಕರೆದು ಎರಡರ ಲೆಕ್ಕಕ್ಕೂ ನಿಯಮ ಬರೆದಿಟ್ಟವನು ಬ್ರಹ್ಮಗುಪ್ತ, 628ರಲ್ಲಿ. ವಿದ್ಯುತ್ತಿನ ಎರಡು ಬಗೆಗೆ ಧನ, ಋಣ ಎಂಬ ಅರ್ಥದ ಹೆಸರು ಕೊಟ್ಟವನು ಹದಿನೆಂಟನೇ ಶತಮಾನದ ಬೆಂಜಮಿನ್ ಫ್ರಾಂಕ್ಲಿನ್. ಇಲೆಕ್ಟ್ರಾನನ್ನು ಜೆ. ಜೆ. ಥಾಮ್ಸನ್ ಕಂಡುಹಿಡಿದದ್ದು 1897ರಲ್ಲಿ. ಅದರ ಆವೇಶ ಋಣ ಎಂದು ಅಷ್ಟರೊಳಗೆ ತೀರ್ಮಾನವಾಗಿಬಿಟ್ಟಿತ್ತು. ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಆದರೂ ಕನ್ನಡದಲ್ಲಿ ಅದು ಹೀಗೆ ಬಂದು ಕೂತಿದೆ: ಪಡೆದವನ ತಲೆಯ ಮೇಲೆ ಋಣ, ಕೊಟ್ಟವನ ಹೆಸರಿಗೆ ಧನ, ಇಬ್ಬರನ್ನೂ ಹಿಡಿದಿಟ್ಟದ್ದು ಋಣಾನುಬಂಧ. ಅಯಾನಿಕ ಬಂಧಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ಹೆಸರು ನನಗಂತೂ ಹೊಳೆದಿಲ್ಲ.

ಹಾಗೆಂದು ಋಣಾನುಬಂಧವನ್ನು ಗಂಡ ಹೆಂಡಿರ ಜೋಡಿ ಎಂದು ತಿಳಿದರೆ ಎಡವುತ್ತೇವೆ. ಈ ಸೋಡಿಯಂನದು ಈ ಕ್ಲೋರಿನ್ ಎಂಬ ಗಂಟು ಉಪ್ಪಿನಲ್ಲಿ ಇಲ್ಲವೇ ಇಲ್ಲ. 1913ರಲ್ಲಿ ಲಾರೆನ್ಸ್ ಬ್ರ್ಯಾಗ್ ಎಕ್ಸ್‌ರೇಗಳನ್ನು ಹರಳಿಗೆ ಹಾಯಿಸಿ ಉಪ್ಪಿನ ಒಳಗಿನ ಜೋಡಣೆಯನ್ನು ಬಿಡಿಸಿದ. ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ: ಮೇಲೆ, ಕೆಳಗೆ, ನಾಲ್ಕು ಪಕ್ಕಗಳಲ್ಲಿ. ಹರಳಿನ ಉದ್ದಗಲಕ್ಕೂ ಇದೇ. ಎರಡು ವರ್ಷದ ನಂತರ ಅಪ್ಪ ಮಗ ಇಬ್ಬರಿಗೂ ಸೇರಿ ನೊಬೆಲ್ ಬಂದಾಗ ಮಗನಿಗೆ ಇನ್ನೂ 25. ಆಮೇಲೆ 1916ರಲ್ಲಿ ಜರ್ಮನಿಯ ವಾಲ್ಟರ್ ಕೊಸೆಲ್ ಇಂಥ ಬಂಧವನ್ನು ಇಲೆಕ್ಟ್ರಾನಿನ ವರ್ಗಾವಣೆಯಿಂದ ವಿವರಿಸಿದ. ಅದೇ ವರ್ಷ ಅಮೆರಿಕದ ಗಿಲ್ಬರ್ಟ್ ಲೂಯಿಸ್ ಇಲೆಕ್ಟ್ರಾನುಗಳನ್ನು ಹಂಚಿಕೊಳ್ಳುವ ಇನ್ನೊಂದು ಬಗೆಯ ಬಂಧದ ಕತೆ ಹೇಳಿದ.

ಎಲ್ಲರೂ ಒಪ್ಪಿಬಿಡಲಿಲ್ಲ. ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಇಂಗ್ಲೆಂಡಿನ ಹಿರಿಯ ರಸಾಯನಶಾಸ್ತ್ರಜ್ಞರು 1927ರಲ್ಲಿ, ತಮ್ಮ 79ನೇ ವಯಸ್ಸಿನಲ್ಲಿ, ನೇಚರ್ ಪತ್ರಿಕೆಗೆ ಸಿಟ್ಟಿನ ಪತ್ರ ಬರೆದರು. ಉಪ್ಪೆಂದರೆ ಚದುರಂಗದ ಮನೆಗಳ ಹಾಗೆ ಸುಮ್ಮನೆ ಹರಡಿದ ಜೋಡಣೆ, ಅದರಲ್ಲಿ ಸೋಡಿಯಂ ಕ್ಲೋರೈಡ್ ಎಂಬ ಒಂದು ಅಣುವೇ ಇಲ್ಲ ಎನ್ನುವುದು ಅವರಿಗೆ ಬುದ್ಧಿಗೇಡಿ ಮಾತಾಗಿ ಕಂಡಿತ್ತು. ಪಾಪ ಉಪ್ಪು ಎಂದು ಮರುಗಿದರು. ಆ ಮುದುಕರ ಮೇಲೆ ನನಗೆ ಪ್ರೀತಿ. ಉಪ್ಪಿಗೊಂದು ಸಂಸಾರ ಇರಬೇಕೆಂದು ಅವರು ಆಸೆಪಟ್ಟರು. ಉಪ್ಪೋ, ಗುಬ್ಬಿಯ ಸಂತೆಯ ಹಾಗೆ. ಯಾರ ಪಕ್ಕ ಯಾರು ನಿಂತಿದ್ದಾರೋ ಅವರ ಜೊತೆ ವ್ಯವಹಾರ. ಪಕ್ಕದವರು ಬದಲಾದರೆ ಅವರ ಜೊತೆ.

ಈ ಮಾತು ತಲೆಯಲ್ಲಿ ನಿಂತರೆ ನಮ್ಮ ಮೂರು ಊರಿನ ನೀರು ತಾನಾಗಿ ಬಿಡಿಸಿಕೊಳ್ಳುತ್ತದೆ. ಉಪ್ಪನ್ನು ನೀರಿಗೆ ಹಾಕಿದರೆ ಕಾಣದಾಗುವುದು ಯಾಕೆ? ನೀರಿನ ಅಣುವಿಗೆ ಒಂದು ಕೊನೆ ತುಸು ಧನ, ಇನ್ನೊಂದು ಕೊನೆ ತುಸು ಋಣ. ಅವು ಪ್ರತಿ ಅಯಾನನ್ನೂ ಮುತ್ತಿಕೊಂಡು ನಡುವೆ ನಿಲ್ಲುತ್ತವೆ. ಗಾಳಿಯಲ್ಲಿ ಅಯಾನುಗಳ ನಡುವೆ ಇದ್ದ ಸೆಳೆತ ನೀರಿನೊಳಗೆ ಸುಮಾರು 80ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಂತೆ ಚೆದುರುತ್ತದೆ. ಆದರೆ ಒಂದನ್ನು ಗಮನಿಸಬೇಕು: ಚೆದುರಿದರೂ ಯಾರ ಋಣವೂ ತೀರುವುದಿಲ್ಲ. ಸೋಡಿಯಂಗೆ ಕೊಟ್ಟ ಇಲೆಕ್ಟ್ರಾನು ವಾಪಸು ಬಂದಿಲ್ಲ. ಕ್ಲೋರೈಡ್ ಹಿಂತಿರುಗಿಸಿಲ್ಲ. ಇಬ್ಬರೂ ಆವೇಶ ಹೊತ್ತುಕೊಂಡೇ ನೀರಿನಲ್ಲಿ ಅಲೆಯುತ್ತಾ ಮುಂದೆ ಸಿಕ್ಕುವವರನ್ನು ಹುಡುಕುತ್ತಿರುತ್ತಾರೆ.

ಬೋರ್ ನೀರಿನಲ್ಲಿ ಹೀಗೆ ಅಲೆಯುವವರಲ್ಲಿ ಕ್ಯಾಲ್ಸಿಯಂ ಮುಖ್ಯ. ಅದು ಕೊಟ್ಟಿರುವುದು ಎರಡು ಇಲೆಕ್ಟ್ರಾನು, ಹಾಗಾಗಿ ಅದರ ಧನ ಎರಡು ಪಟ್ಟು. ನಮ್ಮಜ್ಜಿ ಬೋರ್ ನೀರಿನಲ್ಲಿ ತೊಗರಿಬೇಳೆ ಇಟ್ಟು ಸೌದೆ ಮೇಲೆ ಸೌದೆ ತುಂಬುತ್ತಿದ್ದಳು. “ಇದರ ಮನೆ ಹಾಳಾಗ, ಅಗಳು ಅಗಳಾಗೇ ನಿಂತೈತೆ ನೋಡು” ಎಂದು ಬೇಳೆಯನ್ನು ಬೈಯುತ್ತಿದ್ದಳು. ಬೈಗುಳ ಸಲ್ಲಬೇಕಾದದ್ದು ಕ್ಯಾಲ್ಸಿಯಂಗೆ. ಬೇಳೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ಎಳೆಗಳಲ್ಲಿ ಅಲ್ಲಲ್ಲಿ ಋಣಾವೇಶವಿದೆ. ಎರಡು ಧನವಿರುವ ಕ್ಯಾಲ್ಸಿಯಂ ಒಂದು ಕೈಯಲ್ಲಿ ಒಂದು ಎಳೆಯನ್ನೂ, ಇನ್ನೊಂದು ಕೈಯಲ್ಲಿ ಪಕ್ಕದ ಎಳೆಯನ್ನೂ ಹಿಡಿದು ಬಿಗಿಯುತ್ತದೆ. ಬೇಳೆ ಒಡೆಯುವುದಿಲ್ಲ. ನಿನ್ನ ಬೇಳೆ ಇಲ್ಲಿ ಬೇಯಲ್ಲ ಎಂಬ ಗಾದೆಮಾತನ್ನು ಕಟ್ಟಿದವರು ಯಾವುದೋ ಗಡಸುನೀರಿನ ಊರಿನವರೇ ಇರಬೇಕು. ಚಿಟಿಕೆ ಅಡುಗೆ ಸೋಡಾ ಹಾಕುವುದು ಅಜ್ಜಿಗೆ ಗೊತ್ತಿದ್ದ ಪರಿಹಾರ. ಸೋಡಾದಿಂದ ಪೆಕ್ಟಿನ್ ಸಡಿಲವಾಗುತ್ತದೆ, ಕ್ಯಾಲ್ಸಿಯಂ ಒಂದಷ್ಟು ಸುಣ್ಣದ ಪುಡಿಯಾಗಿ ಬೇರೆ ಕೂರುತ್ತದೆ.

ಸೋಪಿನದೂ ಇದೇ ಕತೆ. ಸೋಪಿನಲ್ಲಿ ಸೋಡಿಯಂ ಇದ್ದ ಜಾಗಕ್ಕೆ ಕ್ಯಾಲ್ಸಿಯಂ ನುಗ್ಗಿದರೆ ನೀರಿನಲ್ಲಿ ಕರಗದ ಜಿಡ್ಡಾಗಿ ಬಕೆಟ್ಟಿನ ಅಂಚಿಗೆ ಅಂಟುತ್ತದೆ, ನೊರೆ ಬರುವುದಿಲ್ಲ. ಹಂಡೆಯ ಒಳಗೆ ಕಟ್ಟುವ ಬಿಳಿ ಪದರ ಕ್ಯಾಲ್ಸಿಯಂ ಕಾರ್ಬೊನೇಟ್. ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಅದರ ಹುಳಿ ಕಾರ್ಬೊನೇಟನ್ನು ಮುರಿದು ಗಾಳಿಯಾಗಿ ಓಡಿಸುತ್ತದೆ; ಹುಣಸೆಯ ವ್ಯಾಪಾರಕ್ಕೆ ಹೆಸರಾದ ತುಮಕೂರಿನಲ್ಲಿ ಅದಕ್ಕೇನೂ ಬರವಿಲ್ಲ. ಹೊಸ ಅಪಾರ್ಟ್‌ಮೆಂಟುಗಳ ಸಾಫ್ಟ್‌ನರ್ ಯಂತ್ರ ಮಾಡುವುದೂ ಸಂತೆಯ ಅದಲುಬದಲನ್ನೇ: ಒಳಗಿನ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳಲ್ಲಿ ಸೋಡಿಯಂ ಮುಗಿದಾಗ ಮೂಟೆಯ ಉಪ್ಪು ಕರಗಿಸಿ ಹುಯ್ಯಬೇಕು. ಉಪ್ಪುನೀರಿಗೆ ಉಪ್ಪೇ ಮದ್ದು.

ಇಷ್ಟೆಲ್ಲ ಹೇಳಿದ ಮೇಲೆ ಆ ಹುಡುಗಿ ಇನ್ನೊಂದು ಮಾತು ಕೇಳಿದಳು. ಕ್ಲಾಸಿನಲ್ಲಿ ಕೇಳಲಿಲ್ಲ, ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ಕೈಯನ್ನು ಬಾಯಿಂದ ಇಳಿಸಿ ಕೇಳಿದಳು. “ನಮ್ಮೂರಲ್ಲಿ ಫ್ಲೋರೈಡು ಅಂತಾರಲ್ಲ ಮಿಸ್, ಅದೂ ಇಂಥದ್ದೇನಾ?” ಅವಳ ಮೇಲಿನ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳಿದ್ದವು. ಶಾಲೆಯ ಗ್ರೂಪ್ ಫೋಟೋದಲ್ಲಿ ಅವಳೊಬ್ಬಳೇ ತುಟಿ ಬಿಗಿದುಕೊಂಡು ನಿಂತದ್ದು ಯಾಕೆಂದು ಆಗ ತಿಳಿಯಿತು.

ಇಂಥದ್ದೇ. ಪಡೆಯುವುದರಲ್ಲಿ ಫ್ಲೋರಿನ್‌ನಷ್ಟು ಹಟಮಾರಿ ಬೇರೊಂದಿಲ್ಲ. ಅದರ ಹೊರಕವಚದಲ್ಲೂ 7, ಆದರೆ ಕವಚ ನ್ಯೂಕ್ಲಿಯಸ್ಸಿಗೆ ತೀರ ಹತ್ತಿರ, ಹಿಡಿತ ಬಲು ಬಿಗಿ. ಒಮ್ಮೆ ಪಡೆದ ಇಲೆಕ್ಟ್ರಾನನ್ನು ಅದರಿಂದ ಬಿಡಿಸಿಕೊಂಡು ಫ್ಲೋರಿನನ್ನು ಬೇರೆ ಮಾಡಲು ಎಷ್ಟೋ ಮಂದಿ ಹೆಣಗಿದರು. ಕೊನೆಗೆ 1886ರಲ್ಲಿ ಫ್ರಾನ್ಸಿನ ಆನ್ರಿ ಮ್ವಾಸಾನ್ ವಿದ್ಯುತ್ ಹಾಯಿಸಿ ಗೆದ್ದ. 1906ರ ನೊಬೆಲ್ ಅದಕ್ಕೇ. ನಮ್ಮ ನೆಲದಲ್ಲಿ ಅದು ಬಂಡೆಯೊಳಗೆ ಕೂತಿದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಅಲ್ಲಿಂದ ಉತ್ತರಕ್ಕೆ ಹೊರಟು ಮಧುಗಿರಿ, ಪಾವಗಡಗಳನ್ನು ಹಾದು ಬಳ್ಳಾರಿಯ ಕಡೆ ಹೋಗುವ ಬಂಡೆಯ ಪಟ್ಟಿಗೆ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಇಂಥ ಬಂಡೆಗಳ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಅವುಗಳಲ್ಲಿ ಒಂದು ಫ್ಲೋರೈಟ್: ಒಂದು ಕ್ಯಾಲ್ಸಿಯಂ ಎರಡು ಇಲೆಕ್ಟ್ರಾನು ಕೊಟ್ಟು, ಎರಡು ಫ್ಲೋರಿನ್‌ಗಳು ಒಂದೊಂದು ಪಡೆದ ಅಯಾನಿಕ ಹರಳು. ನೀರು ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತರೆ ತುಸುತುಸುವೇ ಫ್ಲೋರೈಡ್ ಇಳಿದುಬರುತ್ತದೆ.

ಇಲ್ಲೊಂದು ಕ್ರೂರ ತಮಾಷೆ ಇದೆ. ನಾವು ಬೈಯುವ ಕ್ಯಾಲ್ಸಿಯಂ ನೀರಿನಲ್ಲಿ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ಮತ್ತೆ ಹರಳಾಗಿಸಿ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ, ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಆರಾಮಾಗಿ ಕರಗಿ ಉಳಿಯುತ್ತದೆ. ಅಂದರೆ ಬೇಳೆ ಚೆನ್ನಾಗಿ ಬೇಯುವ, ಸೋಪು ನೊರೆ ಬರುವ ನೀರಿನಲ್ಲೂ ಅದು ಇರಬಹುದು. ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. “ನೀರು ಹೆಂಗೆ?” ಎಂಬ ಪ್ರಶ್ನೆಗೆ “ಸಿಹಿನೀರೇ” ಎನ್ನುವ ಉತ್ತರ ಸಾಲದೆ ಹೋಗುವುದು ಇಲ್ಲಿ.

ನಮ್ಮ ಹಲ್ಲು, ಮೂಳೆಗಳೂ ಬಹುಪಾಲು ಅಯಾನುಗಳ ಸಂತೆಯೇ: ಕ್ಯಾಲ್ಸಿಯಂ, ಫಾಸ್ಫೇಟ್, ಹೈಡ್ರಾಕ್ಸೈಡ್ ಸೇರಿ ಕಟ್ಟಿದ ಹರಳು. ಫ್ಲೋರೈಡ್ ಅಯಾನು ಗಾತ್ರದಲ್ಲಿ ಹೈಡ್ರಾಕ್ಸೈಡಿನಷ್ಟೇ, ಆವೇಶವೂ ಅದರಷ್ಟೇ. ಆದ್ದರಿಂದ ಅದರ ಜಾಗದಲ್ಲಿ ಸಲೀಸಾಗಿ ಕೂರುತ್ತದೆ, ಕೂತರೆ ಇನ್ನೂ ಭದ್ರವಾಗಿ ಕೂರುತ್ತದೆ. ಸ್ವಲ್ಪವಾದರೆ ಒಳ್ಳೆಯದೇ, ಟೂತ್‌ಪೇಸ್ಟಿನಲ್ಲಿ ಅದನ್ನು ಸೇರಿಸುವುದು ಹಲ್ಲು ಹುಳಿಗೆ ಕರಗದಿರಲಿ ಎಂದು. ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ, ಕಾಯಂ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುತ್ತಿರುವಾಗ ಕುಡಿದರೆ ಹಲ್ಲಿನ ಮೇಲ್ಪದರ ಸರಿಯಾಗಿ ಕಟ್ಟುವುದಿಲ್ಲ, ಕಲೆ ಬೀಳುತ್ತದೆ. ಹೆಚ್ಚು ಪ್ರಮಾಣದಲ್ಲಿ ಹತ್ತಾರು ವರ್ಷ ಕುಡಿದರೆ ಮೂಳೆ ಗಡುಸಾಗಿ, ಕೀಲು, ಬೆನ್ನು ಬಗ್ಗದಾಗುತ್ತವೆ. ಭಾರತದಲ್ಲಿ ಇದನ್ನು ಮೊದಲು ವೈದ್ಯರು ದಾಖಲಿಸಿದ್ದು 1937ರಲ್ಲಿ, ಆಂಧ್ರದ ನೆಲ್ಲೂರು ಕಡೆ. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ಪಾವಗಡದವರಿಗೆ ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ಮನೆಮನೆಯಲ್ಲಿ ಗೊತ್ತು.

ಹುಡುಗಿ ಎಲ್ಲ ಕೇಳಿಸಿಕೊಂಡಳು. ತನ್ನ ಹಲ್ಲಿನ ಬಗ್ಗೆ ಏನೂ ಕೇಳಲಿಲ್ಲ. “ನಮ್ ತಮ್ಮಂಗೆ ಎರಡು ವರ್ಷ ಮಿಸ್. ಅಮ್ಮ ಅವನಿಗೆ ಬೋರ್ ನೀರ್ನ ಚೆನ್ನಾಗಿ ಕುದಿಸಿ, ಸೋಸಿ ಕುಡಿಸ್ತಾಳೆ” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ತಾನೇ ಮುಂದುವರಿಸಿದಳು: “ಕುದಿಸಿದ್ರೆ ನೀರು ಹೋಗುತ್ತೆ, ಅಯಾನು ಪಾತ್ರೇಲೇ ಉಳಿಯುತ್ತೆ. ಅಲ್ಲಿಗೆ ಲೋಟಕ್ಕೆ ಇನ್ನೂ ಜಾಸ್ತಿ ಆಯ್ತಲ್ಲ ಮಿಸ್?”

ಪಾಠ ಹೇಳುವವರ ಬದುಕಿನಲ್ಲಿ ಇಂಥ ಗಳಿಗೆ ಹೆಚ್ಚು ಬರುವುದಿಲ್ಲ. ಬಂದಾಗ ಸಂತೋಷಪಡಬೇಕೋ ಬೇಡವೋ ತಿಳಿಯುವುದಿಲ್ಲ. ಕುದಿಸುವುದರಿಂದ ಕ್ರಿಮಿ ಸಾಯುತ್ತದೆ, ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲುತ್ತದೆ. ಸಾಯಲು ಅಯಾನಿಗೆ ಜೀವವಿಲ್ಲ, ನಿಲ್ಲಲು ಬಟ್ಟೆಯ ಕಣ್ಣಿಗೆ ಸಿಕ್ಕುವಷ್ಟು ಗಾತ್ರವಿಲ್ಲ. ತಾಯಿಯ ಕಾಳಜಿ ಎಷ್ಟೇ ಕುದಿದರೂ ಅದರ ಆವೇಶ ಹೋಗುವುದಿಲ್ಲ. ಅದನ್ನು ತೆಗೆಯಬೇಕಾದರೆ ಅದರ ಋಣಕ್ಕೆ ಎದುರಾಗಿ ಧನ ಒಡ್ಡಬೇಕು, ಇಲ್ಲವೇ ನೀರನ್ನು ಮಾತ್ರ ಹಾಯಲು ಬಿಡುವ ಪೊರೆಯ ಮೂಲಕ ಒತ್ತಿ ದಾಟಿಸಬೇಕು. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನ ಮೊದಲನೆಯ ಬಗೆ: ಪಟಿಕ, ಸುಣ್ಣ ಬೆರೆಸಿದರೆ ಅಲ್ಯೂಮಿನಿಯಂನ ಹತ್ತಿಯಂಥ ಗಷ್ಟು ಕಟ್ಟಿಕೊಂಡು ಫ್ಲೋರೈಡನ್ನು ಎಳೆದುಕೊಂಡು ತಳಕ್ಕೆ ಕೂರುತ್ತದೆ. ನಮ್ಮ ಹಳ್ಳಿಗಳಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳದು ಎರಡನೆಯ ಬಗೆ. ಅದರಲ್ಲಿ ಬೇರ್ಪಟ್ಟ ಫ್ಲೋರೈಡ್ ಮಾಯವಾಗುವುದಿಲ್ಲ. ಪಕ್ಕದ ಪೈಪಿನಲ್ಲಿ ಹೊರಗೆ ಹರಿಯುವ ನೀರಿನಲ್ಲಿ ಇನ್ನಷ್ಟು ದಟ್ಟವಾಗಿ ಇರುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಬಂಡೆಯ ಸಹವಾಸವಿಲ್ಲದ ನೀರು. ಮಳೆಯದು, ಕೆರೆಯದು, ನದಿಯದು. ಅಲ್ಲಿಗೆ ಮಾತು ರಸಾಯನಶಾಸ್ತ್ರ ಬಿಟ್ಟು ನಮ್ಮ ಮನೆಯ ಊಟದ ಪಂಕ್ತಿಗೆ ಬರುತ್ತದೆ. ಹೇಮಾವತಿಯ ನೀರನ್ನು ಎಕ್ಸ್‌ಪ್ರೆಸ್ ಲಿಂಕ್ ಕೆನಾಲಿನಲ್ಲಿ ನೇರ ಕುಣಿಗಲ್, ಮಾಗಡಿಗಳ ಕಡೆ ಒಯ್ಯುವ ಯೋಜನೆಗೆ ಗುಬ್ಬಿ, ತುಮಕೂರು ಕಡೆಯ ರೈತರ ವಿರೋಧವಿದೆ. ನನ್ನ ಅಣ್ಣ ಗುಬ್ಬಿಯವನು, “ನಮ್ಮ ಕೆರೆ ಒಣಗಿಸಿ ಅವರಿಗೆ ಕೊಡಬೇಕಾ?” ಎನ್ನುತ್ತಾನೆ. ನನ್ನ ಭಾವ ಕುಣಿಗಲ್‌ನವರು, “ನಾಲೆ ತುದೀಲಿರೋರು ಬಾಯಾರಿ ಸಾಯ್ಬೇಕಾ?” ಎನ್ನುತ್ತಾರೆ. ಹಬ್ಬಕ್ಕೆ ಇಬ್ಬರೂ ಸೇರಿದ ದಿನ ನಾನು ಪಾಯಸದ ಪಾತ್ರೆ ಹಿಡಿದು ಇಬ್ಬರ ನಡುವೆ ನೀರಿನ ಅಣುವಿನಂತೆ ನಿಲ್ಲುತ್ತೇನೆ. ಇಬ್ಬರ ಮಾತಿನಲ್ಲೂ ಭಯವಿದೆ, ಇಬ್ಬರ ಭಯಕ್ಕೂ ಕಾರಣವಿದೆ. ನಾಲೆಯಲ್ಲಿ ನೀರು ಬಾರದ ವರ್ಷ ಇಬ್ಬರೂ ಮಾಡುವ ಕೆಲಸ ಒಂದೇ: ಬೋರ್ ಲಾರಿ ಕರೆಸಿ ಇನ್ನಷ್ಟು ಆಳಕ್ಕೆ ಕೊರೆಸುವುದು. ಆಳದ ನೀರೆಂದರೆ ಬಂಡೆಯ ಜೊತೆ ಹೆಚ್ಚು ಕಾಲ ಕಳೆದ ನೀರು. ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರುವ ಯೋಜನೆಯನ್ನು ಅಲ್ಲಿನವರು ಅಷ್ಟೊಂದು ಕಾದದ್ದು ಹೊಲಕ್ಕಾಗಿ ಅಲ್ಲ, ಲೋಟಕ್ಕಾಗಿ.

ಆ ಸಂಜೆ ಹುಡುಗಿ ನನ್ನ ಫೋನಿನಿಂದಲೇ ಮನೆಗೆ ಮಾತನಾಡಿದಳು. ಮನೆಮಾತು ತೆಲುಗು, ನನಗೆ ಅರ್ಧಂಬರ್ಧ ತಿಳಿಯುತ್ತದೆ. ಅಯಾನು, ಇಲೆಕ್ಟ್ರಾನು ಯಾವುದನ್ನೂ ಅವಳು ಎತ್ತಲಿಲ್ಲ. ಉಪ್ಪಿನ ನೀರನ್ನು ಎಷ್ಟು ಕುದಿಸಿದರೂ ಉಪ್ಪು ಹೋಗುತ್ತದೆಯೇ ಅಮ್ಮ, ಹಾಗೆಯೇ ಇದು ಎಂದಳು. ಕ್ರಿಮಿಯ ಭಯವಿದ್ದರೆ ಫಿಲ್ಟರ್ ನೀರನ್ನೇ ತಂದು ಕುದಿಸು, ತಮ್ಮನ ಗಂಜಿಗೂ ಅದೇ ಇರಲಿ, ಅನ್ನಕ್ಕೂ ಅದೇ. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರು ಸಾಕು ಎಂದಳು. ಆ ಕಡೆಯಿಂದ ದುಡ್ಡಿನ ಮಾತು ಬಂದಿರಬೇಕು. ದಿನಕ್ಕೊಂದು ಕ್ಯಾನು ಸಾಕು, ಕುಡಿಯೋಕೆ ಅಡುಗೆಗೆ ಮಾತ್ರ ಎಂದು ಲೆಕ್ಕ ಹೇಳಿದಳು. ಅಂಗಡಿ ಲೆಕ್ಕ ಅವಳಿಗೆ ಬೋರ್ಡಿನ ಮೇಲೆ ಅರ್ಥವಾದಷ್ಟೇ ಚೆನ್ನಾಗಿ ಫೋನಿನಲ್ಲೂ ಹೇಳಲು ಬಂತು.

ಅವಳೀಗ ತುಮಕೂರಿನಲ್ಲೇ ಬಿಎಸ್ಸಿ ಓದುತ್ತಿದ್ದಾಳೆ. ತಮ್ಮನಿಗೆ ಆರು ತುಂಬಿದೆ. ಹೋದ ತಿಂಗಳು ಅವನ ಹಾಲುಹಲ್ಲು ಬಿದ್ದು ಕೆಳಗೆ ಎರಡು ಹೊಸ ಹಲ್ಲು ಮೂಡುತ್ತಿರುವ ಫೋಟೋ ಕಳಿಸಿದ್ದಳು. ಒಸಡಿನಿಂದ ಅಕ್ಕಿಕಾಳಿನಷ್ಟು ಮಾತ್ರ ಮೇಲೆ ಬಂದಿವೆ, ನೋಡಲು ಬೆಳ್ಳಗಿವೆ. ಮೇಲಿನ ಹಲ್ಲುಗಳಿಗೆ ಇನ್ನೂ ಒಂದು ವರ್ಷವಾದರೂ ಬೇಕು. “ಈಗ್ಲೇ ಏನೂ ಹೇಳೋಕಾಗಲ್ಲ ಮಿಸ್, ಪೂರ್ತಿ ಬರ್ಲಿ” ಎಂದು ಫೋಟೋದ ಕೆಳಗೆ ಬರೆದಿದ್ದಳು.